ತುಂಬಬಾರದ ಸಂದು

ನಮ್ಮ ಮನೆಯವರು ಗೌಂಡಿಯಾಗಿದ್ದರು. ಅವರು ತೀರಿಕೊಂಡ ಮೂರನೆಯ ತಿಂಗಳು, ಹಿಂದೆ ನಾವಿಬ್ಬರೂ ಕೆಲಸ ಮಾಡಿದ್ದ ದೂರದ ಒಂದು ನಗರದಲ್ಲಿ ಭೂಕಂಪವಾಯಿತು. ಟೀವಿಯಲ್ಲಿ ಸುದ್ದಿ ಬಂದಾಗ ನಾನು ಬೀದರಿನ ಮೈಲೂರಿನ ಮನೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಾ ಕುಳಿತಿದ್ದೆ. ಬಿರುಕು ಬಿಟ್ಟ ಮನೆಗಳನ್ನು, ಬೀದಿಗೆ ಬಂದು ನಿಂತ ಜನರನ್ನು ತೋರಿಸುತ್ತಿದ್ದರು. ನನ್ನ ಕಣ್ಣು ಅಲ್ಲಿದ್ದರೂ ಮನಸ್ಸು ಒಂದೇ ಕಡೆ ಹೋಗಿ ನಿಂತಿತ್ತು. ಆ ನಗರದಲ್ಲಿ ನಾವು ಕಟ್ಟಿದ್ದ ಆಸ್ಪತ್ರೆಯ ಹಿಂದಿನ ಮೂಲೆಯಲ್ಲಿ, ಕಟ್ಟಡಕ್ಕೂ ಸುತ್ತಲಿನ ನೆಲಕ್ಕೂ ನಡುವೆ ಖಾಲಿ ಬಿಡಬೇಕಾಗಿದ್ದ ಒಂದು ಸಂದನ್ನು, ಎರಡು ಮಾರು ಉದ್ದದಷ್ಟು, ನಾನು ಕಸ ಸುರಿದು ತುಂಬಿ ಬಂದಿದ್ದೆ. ಅದು ಅವರಿಗೆ ಗೊತ್ತಿರಲಿಲ್ಲ. ಹೇಳಬೇಕು, ಹೇಳಬೇಕು ಅನ್ನುತ್ತಲೇ ಎಂಟು ವರ್ಷ ಕಳೆದಿದ್ದವು. ಈಗ ಹೇಳೋಣವೆಂದರೆ ಅವರಿಲ್ಲ, ಭೂಮಿ ಮಾತ್ರ ನಡುಗಿಬಿಟ್ಟಿದೆ.

ಅಲ್ಲಿಗೆ ನಾವು ಹೋದದ್ದು ಬರ ಬಿದ್ದ ವರ್ಷಗಳಲ್ಲಿ. ಬರ ಅಂದರೆ ಜನ ಹೊಲದ ಮಾತೇ ಆಡುತ್ತಾರೆ. ಗೌಂಡಿಗೆ ಬರ ಹೇಗೆ ಬರುತ್ತದೆ ಅನ್ನುವುದು ಗೌಂಡಿಯ ಮನೆಯವರಿಗೇ ಗೊತ್ತು. ಕಟ್ಟಿದ ಗೋಡೆಗೆ ದಿನಕ್ಕೆ ಮೂರು ಸಲ ನೀರು ಹೊಡೆಯಬೇಕು, ಸ್ಲ್ಯಾಬು ಹಾಕಿದರೆ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ನಮ್ಮ ಸಂತಪುರದಲ್ಲಿ ಕುಡಿಯಲಿಕ್ಕೇ ಟ್ಯಾಂಕರ್ ಕಾಯುವ ಹಾಗಾದ ಮೇಲೆ ಗೋಡೆಗೆ ನೀರು ಯಾರು ಹೊಡೆಯುತ್ತಾರೆ? ಅರ್ಧ ಎದ್ದ ಮನೆಗಳು ಅರ್ಧಕ್ಕೇ ನಿಂತವು. ಔರಾದಿನಲ್ಲಿ ಒಂದು ಕೆಲಸ ಸಿಕ್ಕಿತ್ತು, ಎಂಟು ದಿನಕ್ಕೆ ಅದೂ ನಿಂತಿತು. ಅತ್ತೆ ಊರು ಬಿಟ್ಟು ಬರಲೊಪ್ಪಲಿಲ್ಲ, ಮೈದುನನ ಮನೆಯಲ್ಲಿ ಉಳಿದರು. ಮಗಳನ್ನು ಸಾಯಗಾಂವದಲ್ಲಿ ನಮ್ಮವ್ವನ ಬಳಿ ಬಿಟ್ಟು ನಾವು ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ನಮ್ಮ ಜೊತೆ ಬೀದರಿನ ಹಳೆ ಶಹರದ ಒಬ್ಬ ರಾಡು ಕಟ್ಟುವವನಿದ್ದ. ಇವರಿಗೆ ಬಹಳ ವರ್ಷದ ಜೊತೆಗಾರ. ಇವರನ್ನು ‘ಉಸ್ತಾದ್’ ಅನ್ನುತ್ತಿದ್ದ, ನನ್ನನ್ನು ‘ಭಾಭಿ’.

ಕೆಲಸದ ಜಾಗ ನೋಡಿದ ಮೊದಲ ದಿನ ಇವರು ಸುಮ್ಮನೆ ನಿಂತುಬಿಟ್ಟರು. ಪಾಯದಿಂದ ಎದ್ದ ದಪ್ಪ ದಪ್ಪ ಕಾಲಮ್ಮುಗಳು ಮೊಣಕಾಲೆತ್ತರಕ್ಕೆ ತುಂಡಾಗಿ ನಿಂತಿದ್ದವು. ಕೆಲವುಗಳ ತಲೆಯ ಮೇಲೆ ಆಗಲೇ ಬೀಸುಕಲ್ಲಿನಂಥ ದುಂಡನೆಯ ಒಂದು ಗಾದಿ. ರಬ್ಬರಿನ ಪದರ, ಉಕ್ಕಿನ ತಗಡು, ಮತ್ತೆ ರಬ್ಬರು, ಮತ್ತೆ ತಗಡು. ಬುಟ್ಟಿಯಲ್ಲಿ ರೊಟ್ಟಿ ಪೇರಿಸಿದ ಹಾಗೆ. ನಡುಮಧ್ಯೆ ಸೀಸದ ಒಂದು ಗುಂಡು ಕಂಬ. ಇಡೀ ಆಸ್ಪತ್ರೆ ಈ ಗಾದಿಗಳ ಮೇಲೆ ಏಳಬೇಕು.

“ಉಸ್ತಾದ್, ಇವ್ರು ಆಸ್ಪತ್ರಿ ಕಟ್ತಾರೋ, ಲಾರಿ ಮ್ಯಾಲ ಮನಿ ಇಡ್ತಾರೋ?” ಅಂದ ರಾಡಿನವನು.

“ಸುಮ್ನಿರೋ. ಕಲಿತ ಮಂದಿ ಏನರೆ ಅಂದ್ಕೊಂಡೇ ಇಟ್ಟಿರ್ತಾರ” ಅಂದರು ಇವರು. ಆದರೆ ಆ ದಿನವೆಲ್ಲ ಊಟ ಸೇರಲಿಲ್ಲ ಅವರಿಗೆ. ಕಾಲಿಗೂ ಮೈಗೂ ನಡುವೆ ರಬ್ಬರು ಇಟ್ಟ ಮನೆಯನ್ನು ಅವರು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಗಡಿಯಾಚೆ ಮಹಾರಾಷ್ಟ್ರದಲ್ಲಿ ಊರಿಗೆ ಊರೇ ಕುಸಿದ ಆ ಭೂಕಂಪದ ವರ್ಷ ಇವರು ಇನ್ನೂ ಮೀಸೆ ಮೂಡದ ವಯಸ್ಸಿನವರು. ಸಂತಪುರದಲ್ಲಿಯೂ ನೆಲ ಅಲುಗಿತ್ತಂತೆ. ಕಲ್ಲು ಮಣ್ಣಿನ ಗೋಡೆಯ ಹತ್ತಿರ ಹೋಗಲಿಕ್ಕೆ ಹೆದರಿ ಅವರ ಮನೆಯವರು ವಾರಗಟ್ಟಲೆ ಅಂಗಳದಲ್ಲಿ ಮಲಗಿದ್ದರು. ಆಮೇಲೆ ಅಲ್ಲಿ ಹೊಸ ಮನೆಗಳನ್ನು ಕಟ್ಟುವ ಕೆಲಸಕ್ಕೆ ಹೋಗಿಯೇ ಇವರು ಗೌಂಡಿಯಾದದ್ದು. ಅಲ್ಲಿ ಅವರಿಗೆ ಕಲಿಸಿದ ಹಿರಿಯ ಗೌಂಡಿಯ ಪಾಠ ಒಂದೇ: ಗಟ್ಟಿ ಮಾಡು, ಬಿಗಿ ಮಾಡು, ಎಲ್ಲಿಯೂ ಸಂದು ಬಿಡಬೇಡ. ನಮ್ಮ ಕಡೆ ಕಪ್ಪು ಮಣ್ಣು ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ. ಅದಕ್ಕೇ ಮನೆ ಮುಗಿದ ಮೇಲೆ ಪಾಯದ ಸುತ್ತ ಮೊರಂ ತುಂಬಿ, ನೀರು ಹೊಡೆದು, ಬಡಿದು, ಮೇಲೊಂದು ಕಲ್ಲು ಹಾಸಿಯೇ ಗೌಂಡಿ ಕೈ ತೊಳೆದುಕೊಳ್ಳಬೇಕು. ಹಾಗೆ ಮಾಡದೆ ಹೋದವನ ಕೆಲಸಕ್ಕೆ ‘ಬಾಯಿ ಬಿಟ್ಟ ಮನಿ’ ಅನ್ನುತ್ತಾರೆ. ಸಂದು ಬಿಟ್ಟರೆ ಚೇಳಿಗೆ ಚಾಪೆ ಹಾಸಿದ ಹಾಗೆ.

ಆ ಆಸ್ಪತ್ರೆಯ ಸುತ್ತ ಮೊದಲೇ ನೆಲದೊಳಗೆ ಒಂದು ಗೋಡೆ ಕಟ್ಟಿದ್ದರು. ಕಟ್ಟಡ ಏಳುತ್ತಾ ಬಂದಂತೆ ಆ ಗೋಡೆಗೂ ಕಟ್ಟಡಕ್ಕೂ ನಡುವೆ ಒಂದು ಮೊಳದಷ್ಟು ಸಂದು ಉಳಿಯಿತು, ನಾಲ್ಕೂ ಕಡೆ, ಆಳಕ್ಕೆ. ನೋಡಿದಾಗಲೆಲ್ಲ ಇವರ ಮೈ ಉರಿಯುತ್ತಿತ್ತು. ಒಂದು ರವಿವಾರ, ಇಂಜಿನಿಯರ್ ಇಲ್ಲದ ದಿನ, ನಮ್ಮ ಕಡೆಯ ಹತ್ತು ಮಂದಿ ಕೂಡಿ ಪೂರ್ವದ ಕಡೆಯ ಸಂದನ್ನೆಲ್ಲ ತುಂಬಿ, ನೀರು ಹೊಡೆದು, ಬಡಿದು, ಮೇಲೆ ಸಿಮೆಂಟು ಒರೆಸಿಟ್ಟೆವು. ಯಾರೂ ಹೇಳಿರಲಿಲ್ಲ. ಕೂಲಿಯನ್ನೂ ಕೇಳಲಿಲ್ಲ. ಬೀದರಿನವರ ಕೆಲಸ ಅಂದರೆ ಹೀಗಿರುತ್ತದೆ ಎಂದು ತೋರಿಸಬೇಕಿತ್ತು, ಅಷ್ಟೇ.

ಸೋಮವಾರ ಇಂಜಿನಿಯರ್ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಲೆಗೆ ದೊಡ್ಡದಾದ ಹಳದಿ ಟೊಪ್ಪಿಗೆ. ಇವರು ಕರೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದರು. ಆಕೆ ಆ ಒರೆಸಿದ ಸಿಮೆಂಟಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಕೈ ತಲೆಯ ಮೇಲಿಟ್ಟುಕೊಂಡರು.

“ಯಾಕ್ರಿ ಬಾಯೋರೆ, ಎಲ್ಲೆರೆ ಒರಟ ಆಗ್ಯಾದೇನ್ರಿ?” ಎಂದು ಇವರು ಕೇಳಿದರು.

ಆಕೆ ಬೈಯಲಿಲ್ಲ. ಒಂದು ತಗಡು ತರಿಸಿ, ಅದರ ಮೇಲೆ ರಬ್ಬರಿನ ನಾಲ್ಕು ದಪ್ಪ ತುಂಡು ಇಟ್ಟು, ರಬ್ಬರಿನ ಮೇಲೆ ಒಂದು ಇಟ್ಟಿಗೆ ನಿಲ್ಲಿಸಿದರು. ತಗಡನ್ನು ಎರಡೂ ಕೈಯಲ್ಲಿ ಹಿಡಿದು ಗಡಗಡ ಅಲುಗಿಸಿದರು. ತಗಡು ಕುಣಿಯಿತು, ಇಟ್ಟಿಗೆ ಮಾತ್ರ ನಿಧಾನ, ಆ ಕಡೆ ಈ ಕಡೆ ಸ್ವಲ್ಪವೇ ತೂಗಿ ನಿಂತಿತು. ಆಮೇಲೆ ಅದರ ಮಗ್ಗುಲಿಗೆ ತಗಡಿನ ಮೇಲೆಯೇ ಇನ್ನೊಂದು ಇಟ್ಟಿಗೆಯನ್ನು ಅಂಟಿಸಿದಂತೆ ಇಟ್ಟು ಮತ್ತೆ ಅಲುಗಿಸಿದರು. ಪಕ್ಕದ ಇಟ್ಟಿಗೆ ಢಕ್ ಎಂದು ಹೊಡೆಯಿತು, ನಿಂತದ್ದು ಉರುಳಿ ಇವರ ಕಾಲ ಬಳಿ ಬಿತ್ತು.

“ನೆಲ ಓಡಾಡ್ತದ, ಆಸ್ಪತ್ರೆ ಓಡಾಡಬಾರದು. ಅದಕ್ಕೆ ತೂಗಲಿಕ್ಕೆ ಜಾಗ ಬೇಕು. ಆ ಜಾಗನೇ ನೀವು ತುಂಬಿದ್ದೀರಿ” ಎಂದು ಹಿಂದಿಯಲ್ಲಿ ಹೇಳಿದರು.

ಇವರು ಬಿದ್ದ ಇಟ್ಟಿಗೆಯನ್ನೇ ನೋಡುತ್ತಾ ನಿಂತಿದ್ದರು. ತುಂಬಿದ್ದನ್ನು ತೆಗೆಯಲಿಕ್ಕೆ ನಮಗೆ ಮೂರು ದಿನ ಹಿಡಿಯಿತು. ಬೇರೆ ಕಡೆಯ ಕೆಲಸಗಾರರು ಹಾದುಹೋಗುವಾಗಲೆಲ್ಲ ನಿಂತು ನಗುತ್ತಿದ್ದರು. ರಾಡಿನವನು ಹಾರೆ ಹಾಕುತ್ತಾ, “ನಗ್ರಿ ನಗ್ರಿ. ಫುಕಟ್ ತುಂಬಿದ್ವಿ, ಫುಕಟ್ ತೆಗೀಲಿಕತ್ತೀವಿ. ನಿಮ್ಮೂರಾಗ ಇಂಥಾ ದಾನಶೂರರು ಇದ್ದಾರೇನು?” ಅನ್ನುತ್ತಿದ್ದ.

ಆ ಮೂರು ದಿನದಲ್ಲಿ ಇವರು ಬೇರೆ ಮನುಷ್ಯರಾದರು. ಆ ಇಂಜಿನಿಯರ್ ಹಿಂದೆಯೇ ತಿರುಗಿ ಎಲ್ಲ ಕೇಳಿಕೊಂಡರು. ಮೆಟ್ಟಿಲುಗಳು ನೆಲಕ್ಕೆ ತಾಗದೆ ಮೇಲಿನಿಂದ ಯಾಕೆ ಜೋತಾಡುತ್ತವೆ, ನೀರಿನ ಪೈಪು ಸಂದು ದಾಟುವ ಕಡೆ ಯಾಕೆ ಬಳುಕುವ ತುಂಡು ಹಾಕುತ್ತಾರೆ, ಸೀಸದ ಕಂಬ ಯಾಕೆ. ಸಂಜೆ ಶೆಡ್ಡಿನಲ್ಲಿ ಕುಳಿತು ನನಗೆ ಹೇಳುತ್ತಿದ್ದರು. ನಾನು ಭಾಲ್ಕಿಯಲ್ಲಿ ಹತ್ತನೆಯ ಇಯತ್ತೆ ಪಾಸಾದವಳು, ಅವರು ಐದಕ್ಕೆ ಬಿಟ್ಟವರು; ಆದರೂ ನನಗೆ ಪಾಠ ಹೇಳುವುದೆಂದರೆ ಅವರಿಗೆ ಬಹಳ ಹಿಗ್ಗು.

“ಬಂಡಿ ಮ್ಯಾಲ ಜ್ವಾಳದ ಕಣಿಕಿ ಹೇರಿ ಅದ್ರ ಮ್ಯಾಲ ಕುಂತಿ ಇಲ್ಲ, ಸಣ್ಣಾಕಿದ್ದಾಗ?”

“ಕುಂತೀನ್ರಿ.”

“ಗಾಲಿ ಕಲ್ಲಿಗಿ ಹಾಯ್ತದ. ಬಂಡ್ಯಾನ ಹಲಗಿ ಮ್ಯಾಲ ಕುಂತಾವಗ ಢಕ್ಕ ಢಕ್ಕ ಅಂತ ಹತ್ತತದ. ಕಣಿಕಿ ಮ್ಯಾಲ ಕುಂತಾವಗ ಬರೇ ತೂಗಿದಂಗ ಆಗ್ತದ. ಅಷ್ಟೇ ಇದು. ಉಳದ ಮನಿ ಎಲ್ಲ ಹಲಗಿ ಮ್ಯಾಲ ಕುಂತಾವ, ನಮ್ಮ ಆಸ್ಪತ್ರಿ ಕಣಿಕಿ ಮ್ಯಾಲ ಕುಂತದ.”

‘ನಮ್ಮ ಆಸ್ಪತ್ರಿ’ ಅನ್ನುತ್ತಿದ್ದರು.

ಆ ನಗರದ ಚಳಿ ನಮಗೆ ತಡೆಯುತ್ತಿರಲಿಲ್ಲ. ಜೋಳದ ಹಿಟ್ಟು ಸಿಗುತ್ತಿರಲಿಲ್ಲ, ಗೋಧಿ ತಿಂದು ತಿಂದು ಹೊಟ್ಟೆ ಕಲ್ಲಾಗುತ್ತಿತ್ತು. ಮಗಳ ನೆನಪಾದಾಗ ನಾನು ಮರಳು ಜರಡಿ ಹಿಡಿಯುವ ಕಡೆ ಹೋಗಿ ನಿಲ್ಲುತ್ತಿದ್ದೆ, ಅಲ್ಲಿ ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವುದಿಲ್ಲ. ಆದರೂ ಈಗ ಅವರಿಲ್ಲದ ಈ ಮನೆಯಲ್ಲಿ ಕುಳಿತಾಗ ನನಗೆ ಬೇಕೆನಿಸುವುದು ಆ ಶೆಡ್ಡು. ಗಾದಿ ಕೂರಿಸುವ ಮೊದಲು ಮಟ್ಟ ನೋಡುತ್ತಿದ್ದೆವು. ನೀರು ತುಂಬಿದ ಉದ್ದ ಪೈಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ದೂರದ ಕಾಲಮ್ಮಿನ ಬಳಿ ಅವರ ಕೈಯಲ್ಲಿ. ನಡುವೆ ನಲವತ್ತು ಐವತ್ತು ಹೆಜ್ಜೆ. “ಮ್ಯಾಲ... ಇನ್ನೊಂದ್ ಕೂದಲ ಮ್ಯಾಲ... ಹಾಂ, ಉಸಿರ ಬಿಡಬ್ಯಾಡ” ಎಂದು ಕೂಗುತ್ತಿದ್ದರು. ಅಲ್ಲಿ ನೀರು ನಿಂತರೆ ಇಲ್ಲಿಯೂ ನಿಲ್ಲುತ್ತಿತ್ತು. ಮದುವೆಯಾಗಿ ಅಷ್ಟು ವರ್ಷದಲ್ಲಿ ನಾವು ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡುತ್ತಾ ನಿಂತದ್ದು ಆ ಕೆಲಸದಲ್ಲಿ ಮಾತ್ರ.

ಇನ್ನು ನಾನು ಮಾಡಿದ್ದನ್ನು ಬರೆಯಬೇಕು.

ಮೂರನೆಯ ವರ್ಷ ಕಟ್ಟಡ ಮುಗಿಯಿತು. ಸಂದಿನ ಮೇಲೆ ಸರಿದಾಡುವ ಉಕ್ಕಿನ ತಗಡುಗಳನ್ನು ಮುಚ್ಚುತ್ತಾ ಬಂದಿದ್ದರು. ಹಿಂದಿನ ಮೂಲೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಹೊರಗೆ, ಎರಡು ಮಾರಿನಷ್ಟು ಮಾತ್ರ ಉಳಿದಿತ್ತು. ನಮ್ಮ ಕೊನೆಯ ಕೆಲಸ ಅಲ್ಲಿಯೇ. ಇವರು ಗೋಡೆಗೆ ಗಿಲಾಯ ಬಳಿದು ಮುಗಿಸಿ ಮುಂದಿನ ಕಡೆ ಹೋಗಿದ್ದರು. ಒಡೆದ ಟೈಲು, ಉಳಿದ ಸಿಮೆಂಟು, ಕಲ್ಲಿನ ಚೂರು ಎಲ್ಲ ಬಳಿದು ಎತ್ತಿ ಹಾಕುವುದು ನನ್ನ ಪಾಲು. ಕಸ ಒಯ್ಯುವ ಗಾಡಿ ಹೊರಟುಹೋಗಿತ್ತು. ಮರುದಿನ ಬೆಳಗ್ಗೆ ದೊಡ್ಡ ಸಾಹೇಬರು ನೋಡಲಿಕ್ಕೆ ಬರುವವರಿದ್ದರು, ಅಂಗಳದಲ್ಲಿ ಕಸ ಕಂಡರೆ ನಮ್ಮವರ ಮರ್ಯಾದೆ ಹೋಗುತ್ತದೆ. ಬೆಳಗ್ಗೆ ಬೇಗ ಎದ್ದು ತೆಗೆದರಾಯಿತು ಎಂದು ನಾನು ಬುಟ್ಟಿ ಬುಟ್ಟಿ ತುಂಬಿ ಎಲ್ಲವನ್ನೂ ಆ ಸಂದಿಗೆ ಸುರಿದೆ. ಮೊದಲು ಉಳಿದ ಹಸಿ ಸಿಮೆಂಟು ತಳಕ್ಕೆ, ಅದರ ಮೇಲೆ ಟೈಲಿನ ಚೂರು. ಒಳಗಿಳಿದು ಕಾಲಿನಿಂದ ತುಳಿದು ಸಮ ಮಾಡಿದೆ. ತುಂಬಬಾರದೆಂದು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಗೊತ್ತಿದ್ದೇ ಮಾಡಿದೆ, ಒಂದು ರಾತ್ರಿಯ ಮಟ್ಟಿಗೆ.

ಶೆಡ್ಡಿಗೆ ಬಂದರೆ ಇವರು ಫೋನು ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದರು. ಸಂತಪುರದಲ್ಲಿ ಅತ್ತೆ ತೀರಿಕೊಂಡಿದ್ದರು. ಆ ಸಂಜೆಯ ರೈಲಿಗೇ ಹೊರಟೆವು. ರಾಡಿನವನೂ ನಮ್ಮ ಕಡೆಯ ಉಳಿದವರೂ ಅದಕ್ಕೂ ಹದಿನೈದು ದಿನ ಮೊದಲೇ ಊರಿಗೆ ಹೋಗಿದ್ದರು, ಹೇಳಿ ಬರಲಿಕ್ಕೆ ಯಾರೂ ಇರಲಿಲ್ಲ. ರೈಲಿನಲ್ಲಿ ಇವರು ಕಿಟಕಿಗೆ ಹಣೆ ಹಚ್ಚಿ ಅಳುತ್ತಿದ್ದರು. ಆಗ ನಾನು ಹೇಳಿದ್ದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ತಿರುಗಿ ಹೋಗುವಂಥ ಮನುಷ್ಯ ಅವರು. ತಾಯಿಯ ಮುಖ ನೋಡುವುದನ್ನು ಬಿಟ್ಟಾರು, ಕೆಟ್ಟ ಕೆಲಸ ಬಿಟ್ಟು ಹೋಗಲಾರರು. ಅದಕ್ಕೇ ಸುಮ್ಮನಾದೆ. ಮೂರನೆಯ ದಿನ ಬುದ್ಧ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಹೇಳೋಣವೆಂದುಕೊಂಡೆ. ಮಳೆ ಆದಮೇಲೆ ಎಂದುಕೊಂಡೆ. ಮೈಲೂರಿಗೆ ಬಂದು ನೆಲೆ ನಿಂತಮೇಲೆ ಎಂದುಕೊಂಡೆ.

ಮಳೆ ಬಂದು ಬೀದರಿನಲ್ಲಿ ಮತ್ತೆ ಕೆಲಸ ಶುರುವಾದ ಮೇಲೆ ಇವರು ಆ ಆಸ್ಪತ್ರೆಯ ಕತೆಯನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಚಹದ ಅಂಗಡಿಯಲ್ಲಿ, ಔರಾದ ಬಸ್ಸಿನಲ್ಲಿ, ಮದುವೆಯ ಊಟದ ಸಾಲಿನಲ್ಲಿ. ಮೂರು ರೊಟ್ಟಿಯನ್ನು ಒಂದರ ಮೇಲೊಂದು ಇಟ್ಟು, ಮೇಲೆ ನೀರಿನ ಲೋಟ ಇಟ್ಟು, ತಾಟು ಅಲುಗಿಸಿ ತೋರಿಸುತ್ತಿದ್ದರು. ಒಮ್ಮೆ ನೆರೆಮನೆಯ ಹಿರಿಯರು, “ಆತಪಾ ಆತು, ಲೋಟ ಬೀಳಲಿಲ್ಲ, ನಿನ್ನ ರೊಟ್ಟಿ ಮಾತ್ರ ತೊಯ್ದವು” ಎಂದರು. ಎಲ್ಲರೂ ನಕ್ಕರು, ಇವರೂ ನಕ್ಕರು. ಕೊನೆಗೆ ಮಾತ್ರ ಯಾವಾಗಲೂ ಒಂದೇ ಮಾತು: “ಗಾದಿ ಕಂಪನಿ ಮಾಡಿ ಕಳಸ್ತದ. ಸಂದು ಖಾಲಿ ಬಿಡೂದು ಮಾತ್ರ ಗೌಂಡಿ ಕೆಲಸ. ನಾಕೂ ದಿಕ್ಕ ಖಾಲಿ ಬಿಟ್ಟು ಬಂದೀನಿ.” ಅವರು ಆ ಮಾತಿಗೆ ಬಂದರೆಂದರೆ ನಾನು ಒಲೆಯ ಮೇಲೆ ಏನೋ ಇದೆಯೆಂದು ಎದ್ದುಬಿಡುತ್ತಿದ್ದೆ.

ವರ್ಷಗಳ ಸಿಮೆಂಟಿನ ಧೂಳು ಅವರ ಎದೆಗೆ ಇಳಿದಿತ್ತು. ಕೊನೆಯ ತಿಂಗಳುಗಳಲ್ಲಿ ನಾಲ್ಕು ಹೆಜ್ಜೆ ನಡೆದರೆ ನಿಲ್ಲುತ್ತಿದ್ದರು. ಒಂದು ಮಧ್ಯಾಹ್ನ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಾಗ, ಧೈರ್ಯ ಮಾಡಿದೆ.

“ನಿಮಗ ಒಂದು ಮಾತ ಹೇಳೂದದ್ರಿ. ಬಾಳ ದಿನದ್ದು.”

ಅವರು ನನ್ನ ಮುಖ ನೋಡಿ ನಕ್ಕರು. “ಎಲ್ಲಾ ಈಗೇ ಹೇಳಬ್ಯಾಡ. ಮುಂದಿನ ವರ್ಷಕ್ಕ ಮಾತ ಬ್ಯಾಡೇನು?”

ಆ ನಗೆಗೆ ಕೆಮ್ಮು ಬಂತು. ಬೆನ್ನು ಸವರುತ್ತಾ ಕುಳಿತೆ. ಮುಂದಿನ ವರ್ಷ ಬರಲಿಲ್ಲ.

ಭೂಕಂಪದ ಸುದ್ದಿ ಬಂದ ಮರುದಿನ ನಾನು ಹಳೆ ಶಹರಕ್ಕೆ ಹೋದೆ. ರಾಡಿನವನು ಈಗ ಕಿಟಕಿ ಬಾಗಿಲ ಕಬ್ಬಿಣದ ಜಾಳಿ ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ನನ್ನನ್ನು ನೋಡಿದವನೇ ಕುರ್ಚಿಯನ್ನು ಅರಬಿಯಿಂದ ಒರೆಸಿ ಹಾಕಿದ. ನಿಂತೇ ಎಲ್ಲ ಹೇಳಿದೆ. ಎಂಟು ವರ್ಷ ನಾಲಿಗೆಗೆ ಬಾರದ ಮಾತು ನಾಲ್ಕು ನಿಮಿಷದಲ್ಲಿ ಮುಗಿಯಿತು.

ಅವನು ಕೈಯಲ್ಲಿದ್ದ ಅರಬಿಯನ್ನು ಮಡಚಿ ಬದಿಗಿಟ್ಟ. “ಉಸ್ತಾದಗ ಗೊತ್ತಿತ್ತೇನು?”

“ಇಲ್ಲ.”

“ಗೊತ್ತಾಗಿದ್ರ ನಿಮ್ಮನ್ನೂ ಸಂದಿನಾಗ ಇಳಿಸಿ ತೆಗಿಸ್ತಿದ್ದ, ಆ ಮನುಷ್ಯ.”

ನನಗೆ ಅಳು ಬಂತು, ನಗುವೂ ಬಂತು. “ಅಲ್ಲಿ ಯಾರಿಗೆರೆ ಏನರೆ ಆಗ್ಯಾದೋ ಏನೋ. ನಾ ಹೋಗಿ ನೋಡಬೇಕು” ಅಂದೆ.

“ಒಬ್ರೇ ಹೋಗೂದು ನಕ್ಕೋ, ಬ್ಯಾಡ ಭಾಭಿ. ನಾ ಬರ್ತೇನಿ. ಆ ಆಸ್ಪತ್ರ್ಯಾಗ ನಂದೂ ಕೈ ಅದ.” ಅವನ ಹೆಂಡತಿ ಒಳಗಿನಿಂದಲೇ, “ಭಾಭಿ ಜೋಡಿ ಹೋಗ್ತಿ ಅಂದ್ರ ಸಣ್ಣ ಹಾರಿ ತಗೊಂಡು ಹೋಗು, ಬರೇ ಬಾಯಿ ತಗೊಂಡು ಹೋಗಬ್ಯಾಡ” ಎಂದು ಕೂಗಿದರು.

ರೈಲುಗಳು ಸರಿಯಾಗಿ ಓಡುವ ಹೊತ್ತಿಗೆ ಎರಡು ವಾರ ಕಳೆಯಿತು. ಆ ನಗರಕ್ಕೆ ಕಾಲಿಟ್ಟಾಗ ಬೀದಿಗಳಲ್ಲಿ ಇನ್ನೂ ಇಟ್ಟಿಗೆಯ ಗುಡ್ಡೆಗಳಿದ್ದವು. ಹೊಸ ಮನೆಗಳ ಗೋಡೆಯ ಮೇಲೆಯೂ ಮೂಲೆಯಿಂದ ಮೂಲೆಗೆ ಕತ್ತರಿಯಾಕಾರದ ಬಿರುಕು. ಆಸ್ಪತ್ರೆ ಮಾತ್ರ ನಾವು ಬಿಟ್ಟು ಬಂದ ಹಾಗೆಯೇ ನಿಂತಿತ್ತು. ಗಾಜು ಕೂಡ ಒಡೆದಿರಲಿಲ್ಲ. ಗೇಟಿನಲ್ಲಿ ನಿಂತು ನೋಡಿದೆ. ಇದನ್ನು ನೋಡಬೇಕಾದದ್ದು ನಾನಲ್ಲ, ಅವರು.

ಕಟ್ಟಡದ ದೇಖರೇಖಿ ನೋಡುವ ಒಬ್ಬ ಹಿರಿಯರು ಇದ್ದರು. ನಾವು ಇದನ್ನು ಕಟ್ಟಿದ ಕೆಲಸಗಾರರು ಅಂದಾಗ ನಂಬಲಿಲ್ಲ. ಗಾದಿಯ ನಡುವೆ ಸೀಸ ಇದೆಯೆಂದು ರಾಡಿನವನು ಹೇಳಿದ ಮೇಲೆ ನಂಬಿದರು. ಮಾತೆಲ್ಲ ಹಿಂದಿಯಲ್ಲಿ ನಡೆಯಿತು, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. ಅವರು ನಮ್ಮನ್ನು ಸುತ್ತಲೂ ಕರೆದುಕೊಂಡು ಹೋದರು. ಸಂದಿನ ಮೇಲಿನ ತಗಡುಗಳು ಆ ದಿನ ಒಂದು ಗೇಣು ಸರಿದು ತಿರುಗಿ ಬಂದಿದ್ದವಂತೆ. ನೆಲದ ಮೇಲೆ ತಗಡಿನ ಅಂಚು ಗೀರಿದ ಗುರುತು, ಕಮಾನಿನ ಹಾಗೆ. ಹೊರಗಿನ ಮನೆಗಳು ಜರಡಿ ಹಿಡಿದ ಹಾಗೆ ನಡುಗುತ್ತಿರುವಾಗ ಒಳಗೆ ಸಲೈನ್ ಬಾಟಲಿಗಳು ನಿಧಾನವಾಗಿ ಓಲಾಡಿದವು, ರೋಗಿಗಳು ಮಂಚ ಹಿಡಿದು ಕುಳಿತಿದ್ದರು, ನೆಲ ನಿಂತ ಮೇಲೂ ಕಟ್ಟಡ ಸ್ವಲ್ಪ ಹೊತ್ತು ತೂಗುತ್ತಲೇ ಇತ್ತು ಎಂದರು. ನಾನು ಗೀರಿನ ಗುರುತಿನ ಮೇಲೆ ಬೆರಳಿಟ್ಟೆ.

“ಎಲ್ಲಾ ಕಡೆ ಹಿಂಗೇ ಏನ್ರಿ?” ಎಂದು ಕೇಳಿದೆ.

“ಹಿಂದಿನ ಮೂಲೆ ಒಂದು ಬಿಟ್ಟು” ಎಂದರು.

ಹಿಂದಿನ ಮೂಲೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಗೋಡೆ ಸೊಂಟದೆತ್ತರಕ್ಕೆ ಅಡ್ಡಲಾಗಿ ಬಿರಿದಿತ್ತು. ಟೈಲುಗಳು ಉದುರಿದ್ದವು. ಸಂದಿನ ಮೇಲಿನ ತಗಡು ಮಡಚಿ ಎದ್ದು ನಿಂತಿತ್ತು, ಕೆಳಗೆ ಕಸ ಬಾಯಿಮಟ್ಟ. ಬಾಗಿಲಲ್ಲಿ ಕುಳಿತು ಚಾದರ ಮಡಚುತ್ತಿದ್ದ ಒಬ್ಬ ಹೆಂಗಸಿನ ಎಡಗೈಗೆ ಪ್ಲ್ಯಾಸ್ಟರ್ ಕಟ್ಟಿತ್ತು. ನನ್ನದೇ ವಯಸ್ಸು ಇರಬೇಕು.

“ಇಡೀ ಆಸ್ಪತ್ರಿ ಜೋಕಾಲಿ ಆಡ್ತು, ನಮ್ಮ ಮೂಲಿಗಿ ಮಾತ್ರ ಗುದ್ದಿತು” ಎಂದಳು ಆಕೆ, ನಾವು ಕೇಳುವ ಮೊದಲೇ. “ಮಷಿನ್ ಬಿಟ್ಟು ಓಡಬೇಕಂದೆ, ಯಾರೋ ಗ್ವಾಡಿಗಿ ಲಾರಿ ತಂದು ಹೊಡದಂಗ ಆತು. ಬಿದ್ದೆ. ಮಣಿಕಟ್ಟು ಹೋತು.”

ನಾನು ಆಕೆಯ ಎದುರಿಗೆ ನೆಲದ ಮೇಲೆ ಕುಳಿತೆ. ಕುಳಿತುಕೊಳ್ಳದೆ ಹೇಳಲಿಕ್ಕೆ ಆಗುತ್ತಿರಲಿಲ್ಲ. “ಅಕ್ಕಾ, ಆ ಕಸ ತುಂಬಿದಾಕಿ ನಾನು” ಎಂದೆ. ನಮ್ಮ ಮನೆಯವರು ಇಲ್ಲಿ ಗೌಂಡಿಯಾಗಿದ್ದರು, ಸಂದು ಖಾಲಿ ಇಡಬೇಕೆಂದು ಎಲ್ಲರಿಗೂ ಹೇಳುತ್ತಿದ್ದರು, ನಾನು ಮಾತ್ರ ಅವರಿಗೆ ಕಾಣದ ಹಾಗೆ ತುಂಬಿ ಹೋದೆ, ಒಂದು ರಾತ್ರಿಯ ಮಟ್ಟಿಗೆಂದು ತುಂಬಿದ್ದು ಎಂಟು ವರ್ಷವಾಯಿತು ಎಂದು ಹೇಳಿದೆ. ರಾಡಿನವನು ಬೇರೆ ಕಡೆ ನೋಡುತ್ತಾ ನಿಂತಿದ್ದ.

ಆಕೆ ಮಡಚುತ್ತಿದ್ದ ಚಾದರವನ್ನು ತೊಡೆಯ ಮೇಲಿಟ್ಟುಕೊಂಡಳು. ಬೈಯುತ್ತಾಳೆಂದು ಕಾದೆ. ಬೈದಳು ಕೂಡ. “ಖಾಲಿ ಇಡಬೇಕಂತ ಗೊತ್ತಿದ್ದಾಕಿ ನೀನೇ ತುಂಬಿದ್ರ, ಗೊತ್ತಿಲ್ಲದವರು ಏನ್ ಮಾಡಬೇಕು?” ಆಮೇಲೆ ದೇಖರೇಖಿಯವರ ಕಡೆ ಕಳ್ಳನೋಟ ಬೀರಿ, “ಚಳಿಗಾಲದಾಗ ಅಲ್ಲಿಂದ ಗಾಳಿ ಚೂರಿ ಹಾಕಿದಂಗ ಬರ್ತದ. ನಾವೂ ಪ್ರತಿ ವರ್ಷ ತಗಡು ಎತ್ತಿ ಹರಕ ಚಾದರ ತುರಕೀವಿ” ಎಂದಳು.

“ಏನಂದಿ?” ಎಂದರು ಅವರು.

“ಕೇಳಿಸ್ಲಿಲ್ಲ ಅಂದ್ರ ಬಿಡ್ರಿ. ನೀವೂ ಚಹದ ಕಪ್ಪು ಎಲ್ಲಿ ಒಗೀತೀರಿ ಅಂತ ನಾ ಕೇಳೀನೇನು?”

ಮುಂದಿನ ವಾರ ಗುತ್ತಿಗೆದಾರರು ಬಂದು ಸ್ವಚ್ಛ ಮಾಡುತ್ತಾರೆ, ನೀವು ಹೋಗಿ ಎಂದು ಅವರು ನಮಗೆ ಹೇಳಿದರು. ಮತ್ತೆ ನಡುಗಿದರೆ ಎಂದು ನಾನು ಕೇಳಿದೆ. ಅವರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ರಾಡಿನವನು ಆಗಲೇ ಚೀಲದಿಂದ ಹಾರೆ ತೆಗೆದಿದ್ದ.

ಬೆಳಗ್ಗೆ ಹತ್ತಕ್ಕೆ ಶುರು ಮಾಡಿದೆವು. ಸಂದಿನಲ್ಲಿ ಒಬ್ಬರಿಗೇ ಜಾಗ, ನಾನು ಅಡ್ಡಮೈಯಾಗಿ ಇಳಿದೆ. ಮೇಲೆ ಹರಕು ಚಾದರಗಳು, ಒದ್ದೆಯಾಗಿ ಕೊಳೆತವು. ಅದರ ಕೆಳಗೆ ಕಾಗದದ ಕಪ್ಪುಗಳು, ಔಷಧಿಯ ಡಬ್ಬಿಗಳು, ಕಾಲು ಮುರಿದ ಒಂದು ಕುರ್ಚಿ. ಯಾರೋ ಪೇರಿಸಿಟ್ಟ ಇಟ್ಟಿಗೆಗಳು. ಕುಕ್ಕೆಯಲ್ಲಿ ತುಂಬಿ ಎತ್ತಿ ಕೊಡುತ್ತಿದ್ದೆ, ರಾಡಿನವನು ಎಳೆದುಕೊಳ್ಳುತ್ತಿದ್ದ. ಮಣಿಕಟ್ಟು ಮುರಿದವಳು ಒಂದೇ ಕೈಯಲ್ಲಿ ಚಾದರಗಳನ್ನು ಆರಿಸಿ ಬೇರೆ ಮಾಡುತ್ತಿದ್ದಳು. ಇದರಲ್ಲಿ ಗುದ್ದಿದ್ದು ಯಾರ ಕಸ, ನನ್ನದೋ ಅವರದೋ ಎಂದು ಒಂದು ಕ್ಷಣ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಹಗುರವೂ ಆಯಿತು, ನಾಚಿಕೆಯೂ ಆಯಿತು.

ಎದೆಯಾಳಕ್ಕೆ ಇಳಿದ ಮೇಲೆ ಟೈಲಿನ ಚೂರುಗಳು ಸಿಕ್ಕವು. ನೀಲಿ ಅಂಚಿನ ಬಿಳಿ ಟೈಲು, ನಾನೇ ಬಳಿದದ್ದು. ಅದರ ಕೆಳಗೆ ಗಟ್ಟಿಯಾದ ಒಂದು ಸಿಮೆಂಟಿನ ಮುದ್ದೆ, ನನ್ನ ಬುಟ್ಟಿಯ ದುಂಡು ಹಾಗೆಯೇ ಉಳಿದಿತ್ತು. ಅದು ಅಲ್ಲಿನ ಗೋಡೆಗೂ ಇಲ್ಲಿನ ಗೋಡೆಗೂ ನಡುವೆ ಬಿಗಿಯಾಗಿ ಕುಳಿತಿತ್ತು, ಕಟ್ಟಡದ ಕಡೆಯ ಮೈ ಪುಡಿಯಾಗಿ ಬೆಳ್ಳಗಾಗಿತ್ತು. ಗುದ್ದಿದ್ದು ಇದೇ. ನಾನು ಅದರ ಮೇಲೆ ಕೈಯಿಟ್ಟು ನಿಂತೆ. ಇವರ ಕೈಯಲ್ಲಿ ಕಲಸಿದ ಸಿಮೆಂಟು, ನನ್ನ ಕೈಯಿಂದ ಬಿದ್ದದ್ದು. ಎಂಟು ವರ್ಷದಲ್ಲಿ ಒಂದು ಕೂದಲಷ್ಟೂ ಸಡಿಲಾಗಿರಲಿಲ್ಲ. ಅಷ್ಟು ಒಳ್ಳೆಯ ಕಲಸು ಅವರದು.

“ಭಾಭಿ, ಸರೀರಿ. ಒಡೀಬೇಕು” ಎಂದ ರಾಡಿನವನು.

“ನೀ ಕೊಡು ಇತ್ತಾಗ” ಎಂದೆ.

ಹಾರೆ ನಾನೇ ಹಾಕಿದೆ. ಕೈಯಾಡಿಸಲಿಕ್ಕೆ ಜಾಗವಿಲ್ಲದೆ ಬಹಳ ಹೊತ್ತು ಹಿಡಿಯಿತು. ಚೂರು ಚೂರಾಗಿ ಎತ್ತಿ ಕೊಟ್ಟೆ. ತಳದ ಕಾಂಕ್ರೀಟು ಕಂಡ ಮೇಲೆ ಪೊರಕೆಯಿಂದ ಬಳಿದೆ. ದೇಖರೇಖಿಯವರು ಎಲ್ಲಿಂದಲೋ ಒಂದು ಕೋಲು ತಂದರು, ಸಂದಿನ ಅಗಲಕ್ಕೆ ಸರಿಯಾಗಿ ಕತ್ತರಿಸಿದ್ದು. ಅದನ್ನು ಅಡ್ಡ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯಬೇಕು, ಎಲ್ಲಿಯೂ ತಡೆಯಬಾರದು. ನನಗೆ ಕೊಟ್ಟರು. ಎರಡು ಮಾರು, ಮತ್ತೆ ಅದರಾಚೆಗೂ ಮೂಲೆಯ ತನಕ ಒಯ್ದೆ. ಎಲ್ಲಿಯೂ ತಡೆಯಲಿಲ್ಲ.

ಮೇಲೆ ಬಂದಾಗ ಬಿಸಿಲು ಇಳಿದಿತ್ತು. ಆ ಹೆಂಗಸು ಒಳಗೆ ಕರೆದು ನಲ್ಲಿ ತಿರುಗಿಸಿ ಕೊಟ್ಟಳು, ಒಗೆಯುವ ಸಾಬೂನಿನ ಒಂದು ತುಂಡು ಕೊಟ್ಟಳು. ಮೊಣಕೈ ತನಕ ತೊಳೆದುಕೊಂಡೆ. ಒಣಗಿದ ಚಾದರವೊಂದನ್ನು ಒರೆಸಿಕೊಳ್ಳಲಿಕ್ಕೆ ಕೊಡುತ್ತಾ ಆಕೆ, “ಊರಿಗಿ ಹೋದ ಕೂಡ್ಲೇ ನಿಮ್ಮ ಮನಿಯವರಿಗಿ ಹೇಳು. ಸಂದು ಖಾಲಿ ಆತು, ಈ ಸರ್ತಿ ನಾವು ಖಾಲೀನೇ ಇಡ್ತೀವಿ ಅಂತ ಹೇಳು” ಎಂದಳು.

ರಾಡಿನವನು ಏನೋ ಹೇಳಲಿಕ್ಕೆ ಬಾಯಿ ತೆರೆದ. ನಾನು ಅವನ ಕಡೆ ನೋಡಿದೆ, ಸುಮ್ಮನಾದ.

“ಹೇಳ್ತೇನ್ರಿ ಅಕ್ಕಾ” ಎಂದೆ.